ಬೈಬಲ್ ಭಾಗವೊಂದನ್ನು ಓದಿ ಬದುಕಿಗೆ ಇಳಿಸುವ ಬಗೆ: ಕಾಸರಗೋಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯ ಕ್ರೈಸ್ತರ ಮನೆಗಳಲ್ಲಿ ಬೈಬಲಿಗೆ ಗೌರವದ ಕೊರತೆಯಿಲ್ಲ. ಮಂಜೇಶ್ವರ, ಕುಂಬಳೆ, ಬೇಳ, ಕಯ್ಯಾರು, ಎಲ್ಲಿಯ ಮನೆಗೆ ಹೋದರೂ ಪೀಠದ ಪಕ್ಕದಲ್ಲಿ ಅದು ಕಾಣಸಿಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ವಚನ ಇರುತ್ತದೆ, ಬೆಳಗಾಗುತ್ತಲೇ ಮೊಬೈಲಿಗೆ ಇನ್ನೊಂದು ಬರುತ್ತದೆ. ಕೊರತೆ ಇರುವುದು ಓದಿನಲ್ಲಿ. ಬಿಡಿ ವಚನಗಳನ್ನು ಓದಿ, ಅವು ಯಾರು ಯಾರಿಗೆ ಯಾವಾಗ ಹೇಳಿದ ಮಾತೆಂದು ವಿಚಾರಿಸದೆ, ಬೇಕಾದಷ್ಟು ಸಮಾಧಾನವನ್ನು ತೆಗೆದುಕೊಂಡು ಎದ್ದುಬಿಡುತ್ತೇವೆ.

ಯೆರೆಮೀಯ 29:11ನ್ನೇ ನೋಡಿ. ನಿಮ್ಮ ವಿಷಯದಲ್ಲಿ ನನಗಿರುವ ಯೋಜನೆ ಹಿತಕ್ಕೇ ಹೊರತು ಕೇಡಿಗಲ್ಲ ಎಂದು ದೇವರು ಹೇಳುವ ಮಾತು. ಪರೀಕ್ಷೆ ಬರೆಯುವ ಮಕ್ಕಳಿಗೂ ಗಲ್ಫಿಗೆ ಹೊರಟವರಿಗೂ ನಾವು ಇದನ್ನು ಬರೆದುಕೊಡುತ್ತೇವೆ. ಆದರೆ ಇದು ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಜೆರುಸಲೇಮಿನಿಂದ ಬರೆದ ಪತ್ರದ ಒಂದು ಸಾಲು. ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಳೆಯಬೇಕು ಎಂದಿದೆ. ಅಂದರೆ ಆ ಪತ್ರವನ್ನು ಕೇಳಿಸಿಕೊಂಡ ಹಿರಿಯರು ತಮ್ಮ ಊರನ್ನು ಮತ್ತೆ ಕಾಣುವಂತಿರಲಿಲ್ಲ. ಅದಕ್ಕೂ ಮೊದಲು, ಐದರಿಂದ ಏಳನೇ ವಚನಗಳಲ್ಲಿ, ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿರಿ, ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿರಿ ಎಂಬ ಅಪ್ಪಣೆಯಿದೆ. ಇಷ್ಟನ್ನು ಓದಿದ ಮೇಲೂ ಆ ವಚನವನ್ನು ಗಲ್ಫಿಗೆ ಹೊರಟ ಹುಡುಗನಿಗೆ ಧಾರಾಳವಾಗಿ ಕೊಡಬಹುದು. ಬೇಗ ಎಲ್ಲವೂ ಸರಿಹೋಗುತ್ತದೆ ಎಂಬ ಆಶ್ವಾಸನೆಯಾಗಿ ಅಲ್ಲ. ಎಷ್ಟು ತಡವಾದರೂ ದೇವರು ಕೈಬಿಡುವುದಿಲ್ಲ, ಅಲ್ಲಿಯವರೆಗೆ ಇರುವ ಊರಿಗೆ ಒಳ್ಳೆಯವನಾಗಿ ಬಾಳು ಎಂಬ ಮಾತಾಗಿ.

ಒಂದು ಭಾಗವನ್ನು ಹೀಗೆ ಹಿಂದುಮುಂದಿನ ಸಹಿತ ಓದಿ, ಅದನ್ನು ನಮ್ಮ ದಿನದ ಕೆಲಸದವರೆಗೆ ತರುವುದು ಹೇಗೆಂದು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ಭಾಗವನ್ನು ಇಟ್ಟುಕೊಳ್ಳೋಣ: ಮತ್ತಾಯ 20:1–16, ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಕಥೋಲಿಕ ದೇವಾಲಯಗಳಲ್ಲಿ ಮೂರು ವರ್ಷಕ್ಕೊಮ್ಮೆ, ಸಾಮಾನ್ಯ ಕಾಲದ 25ನೇ ಭಾನುವಾರ ಇದನ್ನು ಓದುತ್ತಾರೆ. ಕೂಲಿ ಕೊಟ್ಟೂ ಪಡೆದೂ ಅಭ್ಯಾಸವಿರುವ ಅಡಿಕೆ ತೋಟದ ನಾಡಿಗೆ ಇದು ತೀರಾ ಹತ್ತಿರದ ಕಥೆ. ಮುಂದೆ ಓದುವ ಮೊದಲು ಬೈಬಲನ್ನು ತೆರೆದು ಆ ಹದಿನಾರು ವಚನಗಳನ್ನು ಒಮ್ಮೆ ಓದಿಬಿಡಿ.

ಕುಳಿತುಕೊಳ್ಳುವ ಮೊದಲು

ಬೇಕಾದದ್ದು ಒಂದು ಬೈಬಲ್, ಒಂದು ನೋಟು ಪುಸ್ತಕ, ಅರ್ಧ ಗಂಟೆಯ ಬಿಡುವು. ಮೊಬೈಲಿನಲ್ಲಿ ಓದಿದರೆ ತಪ್ಪಿಲ್ಲ, ಆದರೆ ಅಚ್ಚಿನ ಪುಸ್ತಕದಲ್ಲಿ ಹಿಂದಿನ ಪುಟವೂ ಮುಂದಿನ ಪುಟವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಅಧ್ಯಯನಕ್ಕೆ ಅದೇ ಮೇಲು.

ನಮ್ಮಲ್ಲಿ ಒಂದೇ ಮನೆಯೊಳಗೆ ಹಳೆಯ ಸತ್ಯವೇದ, ಸರಳ ಕನ್ನಡದ ಪವಿತ್ರ ಬೈಬಲ್, ಕನ್ನಡ ಲಿಪಿಯ ಕೊಂಕಣಿ ಬೈಬಲ್, ಮಕ್ಕಳ ಮಲಯಾಳ ಬೈಬಲ್, ಇವುಗಳಲ್ಲಿ ಎರಡು ಮೂರಾದರೂ ಇರುತ್ತವೆ. ಇದನ್ನು ತೊಡಕೆಂದು ಭಾವಿಸಬೇಡಿ, ದೊಡ್ಡ ಅನುಕೂಲ. ಒಂದನ್ನು ಮುಖ್ಯವಾಗಿ ಇಟ್ಟುಕೊಂಡು ಓದಿ. ಸಾಲೊಂದು ಅರ್ಥವಾಗದಿದ್ದಾಗ ಮಾತ್ರ ಇನ್ನೊಂದನ್ನು ತೆರೆಯಿರಿ. ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು ಕುಳಿತರೆ ಭಾಷೆಗಳನ್ನು ಹೋಲಿಸುವುದರಲ್ಲೇ ಹೊತ್ತು ಹೋಗುತ್ತದೆ.

ಹೊಸದಾಗಿ ಆರಂಭಿಸುವವರು ಪ್ರಕಟನೆಯ ಪುಸ್ತಕಕ್ಕೆ ಕೈಹಾಕಬೇಡಿ. ಮಾರ್ಕನ ಶುಭಸಂದೇಶ ಹದಿನಾರೇ ಅಧ್ಯಾಯ, ಅಲ್ಲಿಂದ ಹೊರಡಿ. ಓದುವ ಮೊದಲು ಚಿಕ್ಕದೊಂದು ಪ್ರಾರ್ಥನೆ ಸಾಕು. ಅದರಲ್ಲಿ, ನನಗೆ ಹಿಡಿಸದ ಮಾತಿದ್ದರೂ ಅದನ್ನು ಕೇಳುವ ಮನಸ್ಸು ಕೊಡು ಎಂದು ಬೇಡಿಕೊಳ್ಳಿ. ಈ ಬೇಡಿಕೆಯಿಲ್ಲದೆ ಓದಿದರೆ ನಾವು ಮೊದಲೇ ಒಪ್ಪಿಕೊಂಡದ್ದು ಮಾತ್ರ ಪುಟದಲ್ಲಿ ಕಾಣುತ್ತದೆ.

ಮೊದಲ ಹೆಜ್ಜೆ: ಭಾಗದ ಗಡಿ ಹುಡುಕುವುದು

ಬೈಬಲಿನ ಅಧ್ಯಾಯ ಸಂಖ್ಯೆಗಳನ್ನು ಅದನ್ನು ಬರೆದವರು ಹಾಕಿದ್ದಲ್ಲ. ಈಗ ಬಳಕೆಯಲ್ಲಿರುವ ಅಧ್ಯಾಯ ವಿಭಾಗ 13ನೇ ಶತಮಾನದ ಆರಂಭದ್ದು, ಸ್ಟೀಫನ್ ಲ್ಯಾಂಗ್ಟನ್ ಎಂಬ ಧರ್ಮಪಂಡಿತರು ಮಾಡಿದ್ದೆಂದು ಪ್ರಸಿದ್ಧ. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳು ಬಂದದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕರ ಆವೃತ್ತಿಯಲ್ಲಿ. ಸ್ಥಳ ಹುಡುಕಲು ಇವು ಬಹಳ ಉಪಯುಕ್ತ. ಆದರೆ ಅಧ್ಯಾಯ ಮುಗಿಯಿತೆಂದು ಮಾತು ಮುಗಿದಿರುವುದಿಲ್ಲ.

ನಮ್ಮ ಸಾಮತಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 20ನೇ ಅಧ್ಯಾಯದಿಂದ ಓದತೊಡಗಿದರೆ ಯೇಸು ಈ ಕಥೆಯನ್ನು ಯಾಕೆ ಹೇಳಿದರೆಂದೇ ತಿಳಿಯುವುದಿಲ್ಲ. ಒಂದು ಪುಟ ಹಿಂದೆ ಹೋಗಿ. ಶ್ರೀಮಂತ ಯುವಕನೊಬ್ಬ ಆಸ್ತಿಯನ್ನು ಬಿಡಲಾರದೆ ದುಃಖದಿಂದ ಹೊರಟುಹೋಗಿದ್ದಾನೆ. ಅದನ್ನು ನೋಡಿದ ಪೇತ್ರ, ನಾವು ಎಲ್ಲವನ್ನೂ ಬಿಟ್ಟು ನಿಮ್ಮನ್ನು ಹಿಂಬಾಲಿಸಿದ್ದೇವಲ್ಲ, ನಮಗೇನು ಸಿಗುತ್ತದೆ ಎಂದು ಕೇಳುತ್ತಾನೆ (19:27). ಯೇಸು ದೊಡ್ಡ ಪ್ರತಿಫಲವನ್ನೇ ವಾಗ್ದಾನ ಮಾಡುತ್ತಾರೆ. ಅದರ ಬೆನ್ನಿಗೇ, ಮೊದಲಿನವರಲ್ಲಿ ಅನೇಕರು ಕಡೆಯವರಾಗುವರು ಎಂದು ಎಚ್ಚರಿಸಿ ಈ ಕಥೆಗೆ ತೊಡಗುತ್ತಾರೆ. ಮುಂದಿನ ಪುಟವನ್ನೂ ನೋಡಿ: ಜೆಬೆದಾಯನ ಮಕ್ಕಳ ತಾಯಿ ಬಂದು ತನ್ನ ಇಬ್ಬರು ಮಕ್ಕಳಿಗೆ ಬಲಗಡೆಯ, ಎಡಗಡೆಯ ಸ್ಥಾನ ಬೇಡುತ್ತಾಳೆ. ಹಿಂದೆಯೂ ಮುಂದೆಯೂ ಲೆಕ್ಕಾಚಾರ, ನಡುವೆ ಈ ಸಾಮತಿ. ಹಾಗಾಗಿ ಇದು ಹೊರಗಿನವರಿಗೆ ಹೇಳಿದ ಕಥೆಯಲ್ಲ. ಮೊದಲಿನಿಂದ ಜೊತೆಗಿದ್ದ ಶಿಷ್ಯರಿಗೇ ಹೇಳಿದ್ದು.

ಪ್ರತಿ ಭಾಗಕ್ಕೂ ಇಷ್ಟು ಮಾಡಿ: ಅದರ ಹಿಂದಿನ ಒಂದು ಪ್ರಸಂಗ, ಮುಂದಿನ ಒಂದು ಪ್ರಸಂಗ ಓದಿ. ಪತ್ರಗಳಾದರೆ ಒಮ್ಮೆ ಪತ್ರವನ್ನೇ ಪೂರ್ತಿ ಓದಿ. ಫಿಲಿಪ್ಪಿಯರಿಗೆ ಬರೆದ ಪತ್ರ ನಾಲ್ಕೇ ಅಧ್ಯಾಯ. ಬಲ ಕೊಡುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ ಎಂಬ ಪ್ರಸಿದ್ಧ ವಚನ (4:13) ಹಸಿವು, ಬಡತನಗಳನ್ನು ಸಹಿಸುವುದರ ಕುರಿತು ಬೇಡಿಯಲ್ಲಿದ್ದ ಪೌಲ ಬರೆದದ್ದೆಂದು ಆಗ ತಾನಾಗಿ ತಿಳಿಯುತ್ತದೆ.

ಎರಡನೇ ಹೆಜ್ಜೆ: ಅರ್ಥ ಹೇಳುವ ಮೊದಲು ನೋಡುವುದು

ಎಲ್ಲರೂ ಅವಸರ ಮಾಡುವುದು ಇಲ್ಲಿ. ಒಮ್ಮೆ ಓದಿ ಕೂಡಲೇ ಇದರ ಸಂದೇಶ ಏನೆಂದರೆ ಎಂದು ಶುರುಮಾಡುತ್ತೇವೆ. ಸಂದೇಶವನ್ನು ಸ್ವಲ್ಪ ಹೊತ್ತು ಬದಿಗಿಡಿ. ಎರಡನೇ ಸಲ ಗಟ್ಟಿಯಾಗಿ ಓದಿ. ನಂತರ ನೋಟು ಪುಸ್ತಕದಲ್ಲಿ ಬರೆಯುತ್ತ ಹೋಗಿ: ಯಾರೆಲ್ಲ ಇದ್ದಾರೆ, ಯಾರು ಮಾತಾಡುತ್ತಾರೆ, ಯಾವುದು ಮತ್ತೆ ಮತ್ತೆ ಬರುತ್ತದೆ, ಯಾವುದು ವಿಚಿತ್ರವಾಗಿದೆ.

ಸಾಮತಿಯಲ್ಲಿ ತೋಟದ ಯಜಮಾನ ಎಷ್ಟು ಸಲ ಪೇಟೆಗೆ ಹೋಗುತ್ತಾನೆ ಎಂದು ಎಣಿಸಿ. ಐದು ಸಲ: ಮುಂಜಾನೆ, ಒಂಬತ್ತಕ್ಕೆ, ಮಧ್ಯಾಹ್ನ, ಮೂರಕ್ಕೆ, ಮತ್ತೆ ಕತ್ತಲಾಗಲು ಒಂದು ಗಂಟೆ ಇರುವಾಗ. ಅವನಿಗೆ ಮೇಸ್ತ್ರಿ ಇಲ್ಲವೇ? ಇದ್ದಾನೆ, ಎಂಟನೇ ವಚನದಲ್ಲಿ ಕೂಲಿ ಹಂಚಲು ಬರುತ್ತಾನೆ. ಹಾಗಿದ್ದೂ ಆಳು ಕರೆಯಲು ಯಜಮಾನನೇ ಹೋಗುತ್ತಾನೆ. ತೋಟವಿರುವ ಯಾರನ್ನಾದರೂ ಕೇಳಿ, ಸಂಜೆ ಐದಕ್ಕೆ ಆಳು ಹುಡುಕುತ್ತ ಹೋಗುವವರು ಯಾರಿದ್ದಾರೆ? ಇಂಥ ವಿಚಿತ್ರವಿರುವ ಕಡೆ ಕಥೆಯ ಜೀವ ಇರುತ್ತದೆ.

ಇನ್ನು ಕರಾರು. ಬೆಳಗಿನವರೊಡನೆ ಮಾತ್ರ ದಿನಕ್ಕೆ ಇಷ್ಟು ಎಂದು ನಿಷ್ಕರ್ಷೆಯಾಗಿದೆ. ಒಂಬತ್ತಕ್ಕೆ ಬಂದವರಿಗೆ, ನ್ಯಾಯವಾದದ್ದನ್ನು ಕೊಡುತ್ತೇನೆ ಎಂಬ ಮಾತಷ್ಟೇ. ಕಡೆಯವರಿಗೆ ನೀವೂ ಹೋಗಿ ಎಂದದ್ದೇ ಎಲ್ಲ. ಅವರು ಯಜಮಾನನ ಮುಖ ನೋಡಿ ಹೋದವರು. ದಿನವಿಡೀ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದಾಗ ಅವರು ಕೊಟ್ಟ ಉತ್ತರಕ್ಕೆ ಅಡಿಗೆರೆ ಹಾಕಿ: ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಸೋಮಾರಿಗಳು ಎಂದು ಕಥೆ ಎಲ್ಲಿಯೂ ಹೇಳುವುದಿಲ್ಲ.

ಬಟವಾಡೆಯ ಕ್ರಮವನ್ನೂ ಗಮನಿಸಿ. ಕಡೆಗೆ ಬಂದವರಿಂದ ಕೊಡು ಎಂದು ಯಜಮಾನ ಬೇಕೆಂದೇ ಹೇಳುತ್ತಾನೆ. ಮೊದಲು ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ಒಪ್ಪಿದ ಕೂಲಿಯನ್ನು ಎಣಿಸಿಕೊಂಡು ಸಂತೋಷದಿಂದ ಮನೆಗೆ ಹೋಗುತ್ತಿದ್ದರು, ಜಗಳವೇ ಇರುತ್ತಿರಲಿಲ್ಲ. ಇನ್ನೊಬ್ಬನ ಕೈಗೆ ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆ ಅದೇ ಕೂಲಿ ಅವರಿಗೆ ಕಡಿಮೆಯಾಗಿ ಕಂಡಿತು. ಅವರ ದೂರು ಏನೆಂದು ಓದಿ: ನಮಗೆ ಕಡಿಮೆ ಕೊಟ್ಟೆ ಎಂದಲ್ಲ, ಅವರನ್ನು ನಮಗೆ ಸಮಾನ ಮಾಡಿದೆ ಎಂದು.

ಮೂರನೇ ಹೆಜ್ಜೆ: ಆ ಕಾಲದವರ ಕಿವಿಯಿಂದ ಕೇಳುವುದು

ಯೇಸುವಿನ ಎದುರು ಕುಳಿತಿದ್ದವರಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ ಸಂಗತಿಗಳು ಇರುತ್ತವೆ. ಇದಕ್ಕೆ ದೊಡ್ಡ ಗ್ರಂಥಾಲಯ ಬೇಕಾಗಿಲ್ಲ. ಹೆಚ್ಚಿನ ಬೈಬಲುಗಳ ಪುಟದ ಅಡಿಯಲ್ಲಿರುವ ಟಿಪ್ಪಣಿ, ಪಕ್ಕದಲ್ಲಿ ಕೊಟ್ಟ ಇತರ ವಚನಗಳ ಸಂಖ್ಯೆ, ಹಿಂಬದಿಯ ನಕಾಶೆ ಮತ್ತು ತೂಕ–ಅಳತೆಗಳ ಪಟ್ಟಿ, ಇವೇ ಮುಕ್ಕಾಲು ಪಾಲು ಕೆಲಸ ಮಾಡಿಕೊಡುತ್ತವೆ.

ಇಲ್ಲಿ ಬರುವ ನಾಣ್ಯ ದಿನಾರಿ, ರೋಮನ್ನರ ಬೆಳ್ಳಿ ನಾಣ್ಯ. ಕೂಲಿಯವನೊಬ್ಬನ ಒಂದು ದಿನದ ಸಾಮಾನ್ಯ ಸಂಪಾದನೆ. ಅದರಲ್ಲಿ ಒಂದು ಗಂಟೆಯ ಪಾಲೆಂದರೆ ಅಂದು ರಾತ್ರಿ ಆ ಮನೆಗೆ ಊಟ ಸಾಲದು. ಸಂಜೆಯೇ ಕೂಲಿ ಕೊಟ್ಟದ್ದು ಯಜಮಾನನ ಔದಾರ್ಯವೇನಲ್ಲ, ಮೋಶೆಯ ಧರ್ಮಶಾಸ್ತ್ರದ ಕಟ್ಟಳೆ. ಧರ್ಮೋಪದೇಶಕಾಂಡ 24:14–15ನ್ನು ತೆರೆಯಿರಿ: ಬಡ ಕೂಲಿಯವನು ಸ್ವಜನನಾಗಲಿ, ಪರದೇಶದವನಾಗಲಿ, ಹೊತ್ತು ಮುಳುಗುವ ಮೊದಲು ಅವನ ಕೂಲಿಯನ್ನು ಕೊಡಬೇಕು, ಅವನ ಜೀವನ ಅದರ ಮೇಲೆಯೇ ನಿಂತಿದೆ ಎಂದಿದೆ. ಇನ್ನು ದ್ರಾಕ್ಷಿತೋಟ ಎಂದ ಕೂಡಲೇ ಯೆಹೂದ್ಯರಿಗೆ ನೆನಪಾಗುತ್ತಿದ್ದದ್ದು ಯೆಶಾಯ 5ನೇ ಅಧ್ಯಾಯ. ಅಲ್ಲಿ ದೇವರ ತೋಟವೆಂದರೆ ದೇವಜನರೇ.

ವ್ಯಾಖ್ಯಾನದ ಪುಸ್ತಕವನ್ನೋ ಗುರುಗಳನ್ನೋ ಪಾಸ್ಟರನ್ನೋ ಕೇಳುವುದು ಇದಾದ ಮೇಲೆ. ಕೇಳುವುದರಲ್ಲಿ ನಾಚಿಕೆಯಿಲ್ಲ. ರಥದಲ್ಲಿ ಕುಳಿತು ಯೆಶಾಯನನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿ, ಯಾರಾದರೂ ತಿಳಿಸಿಕೊಡದೆ ಹೇಗೆ ಅರ್ಥವಾದೀತು ಎಂದು ಫಿಲಿಪ್ಪನನ್ನು ಕೇಳಿದ (ಪ್ರೇಷಿತರ ಕಾರ್ಯಕಲಾಪಗಳು 8:31). ಆದರೆ ಅವನು ಮೊದಲು ತಾನೇ ಓದಿದ್ದ, ಪ್ರಶ್ನೆಯನ್ನು ಸಿದ್ಧವಾಗಿ ಇಟ್ಟುಕೊಂಡಿದ್ದ.

ನಾಲ್ಕನೇ ಹೆಜ್ಜೆ: ಯಾವ ಬಗೆಯ ಬರಹ ಎಂದು ತಿಳಿಯುವುದು

ಇದು ಚಿಕ್ಕ ಹೆಜ್ಜೆ, ಆದರೆ ಬಿಡಬಾರದು. ಕೀರ್ತನೆ ಹಾಡು, ಅಲ್ಲಿ ನೋವು, ಸಿಟ್ಟು, ಸಂಶಯ ಎಲ್ಲಕ್ಕೂ ಜಾಗವಿದೆ. 13ನೇ ಕೀರ್ತನೆ ಎಲ್ಲಿಯ ತನಕ ಎಂದು ನಾಲ್ಕು ಸಲ ಕೇಳಿಯೇ ಭರವಸೆಗೆ ಬರುತ್ತದೆ. ಜ್ಞಾನೋಕ್ತಿ ಸಾಮಾನ್ಯವಾಗಿ ಲೋಕದಲ್ಲಿ ನಡೆಯುವುದನ್ನು ಹೇಳುತ್ತದೆ, ಅದು ಕರಾರುಪತ್ರವಲ್ಲ. ಮೂರ್ಖನಿಗೆ ಉತ್ತರ ಕೊಡಬೇಡ, ಮೂರ್ಖನಿಗೆ ಉತ್ತರ ಕೊಡು ಎಂದು ಎರಡು ಮಾತೂ ಅಕ್ಕಪಕ್ಕದಲ್ಲೇ ಇವೆ (26:4–5). ಯಾವುದು ಯಾವಾಗ ಎಂದು ನಾವೇ ವಿವೇಚಿಸಬೇಕು. ಸಾಮತಿಗೆ ಸಾಮಾನ್ಯವಾಗಿ ಒಂದು ಮುಖ್ಯ ಮೊನೆ ಇರುತ್ತದೆ. ಪ್ರತಿ ಗಂಟೆಗೂ ಪ್ರತಿ ನಾಣ್ಯಕ್ಕೂ ಗುಪ್ತಾರ್ಥ ಹುಡುಕಲು ಹೊರಟರೆ ಆ ಮೊನೆ ಮೊಂಡಾಗುತ್ತದೆ.

ಐದನೇ ಹೆಜ್ಜೆ: ತಿರುಳನ್ನು ಒಂದು ವಾಕ್ಯದಲ್ಲಿ ಬರೆಯುವುದು

ಈಗ ಸಂದೇಶದ ಹೊತ್ತು. ಒಂದೇ ವಾಕ್ಯದಲ್ಲಿ ಬರೆಯಿರಿ, ಅದರಲ್ಲಿ ದೇವರ ಬಗ್ಗೆ ಏನಿದೆ ಎಂಬುದು ಮೊದಲು ಬರಲಿ. ನಾನಾದರೆ ಹೀಗೆ ಬರೆಯುತ್ತೇನೆ: ದೇವರು ನಮ್ಮ ದುಡಿಮೆಯನ್ನು ಅಳೆದು ಕೊಡುವವನಲ್ಲ, ತನ್ನ ಒಳ್ಳೆಯತನದಿಂದ ಕೊಡುವವನು; ಮೊದಲೇ ಬಂದವರು ಅದನ್ನು ಕಂಡು ಹೊಟ್ಟೆಕಿಚ್ಚು ಪಡಬಾರದು.

ನಂತರ ಈ ವಾಕ್ಯವನ್ನು ಬೈಬಲಿನ ಬೇರೆ ಮಾತುಗಳೊಂದಿಗೆ ಒರೆಗೆ ಹಚ್ಚಿ. ನನ್ನದನ್ನು ನನ್ನ ಇಷ್ಟದಂತೆ ಮಾಡುವ ಹಕ್ಕು ನನಗಿಲ್ಲವೇ ಎಂಬ ಯಜಮಾನನ ಮಾತನ್ನು ಹಿಡಿದು, ಆಳುಗಳಿಗೆ ಮನಬಂದಷ್ಟು ಕೂಲಿ ಕೊಡಬಹುದು ಎಂದು ಯಾರಾದರೂ ಹೇಳಿದರೆ? ಯಕೋಬ 5:4 ಅದಕ್ಕೆ ಬಾಯಿ ಮುಚ್ಚಿಸುತ್ತದೆ: ನೀವು ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ. ಕಥೆಯ ಯಜಮಾನ ಯಾರಿಗೂ ಕರಾರಿಗಿಂತ ಒಂದು ಕಾಸು ಕಡಿಮೆ ಕೊಟ್ಟಿಲ್ಲ. ಅವನ ಸ್ವಾತಂತ್ರ್ಯ ಹೆಚ್ಚು ಕೊಡುವ ಸ್ವಾತಂತ್ರ್ಯ.

ಆರನೇ ಹೆಜ್ಜೆ: ಬದುಕಿಗೆ ಇಳಿಸುವುದು

ಮೊದಲ ಪ್ರಶ್ನೆ: ಈ ಕಥೆಯಲ್ಲಿ ನಾನು ಎಲ್ಲಿ ನಿಂತಿದ್ದೇನೆ? ಸಂಜೆ ಬಂದವರಲ್ಲಿ ನಾನೂ ಒಬ್ಬ, ದೇವರ ಕೃಪೆ ದೊಡ್ಡದು ಎಂದುಕೊಳ್ಳುವುದು ಸುಲಭ. ನಮ್ಮಲ್ಲಿ ಬಹುಮಂದಿ ಬೆಳಗ್ಗೆ ಬಂದವರು. ಬೇಳದ ಶೋಕಮಾತೆಯ ದೇವಾಲಯ ಸ್ಥಾಪನೆಯಾದದ್ದು 1890ರಲ್ಲಿ. ಅಂಥ ಧರ್ಮಕೇಂದ್ರಗಳಲ್ಲಿ ಅಜ್ಜ, ಮುತ್ತಜ್ಜನ ಕಾಲದಿಂದ ಇರುವ ಕುಟುಂಬಗಳು, ಪ್ರತಿ ಭಾನುವಾರ ತಪ್ಪದೆ ಪೂಜೆಗೆ ಹೋಗುವವರು, ಸಭೆಯ ಲೆಕ್ಕಪತ್ರ ನೋಡುವವರು ನಾವು. ನಮಗೆ ಈ ಸಾಮತಿ ಸಾಂತ್ವನಕ್ಕಿಂತ ಮೊದಲು ಎಚ್ಚರಿಕೆ.

ಎರಡನೆಯದು: ನನ್ನ ಊರಿನಲ್ಲಿ ಸಂಜೆ ಬಂದವರು ಯಾರು? ಹೆಸರು ಹಿಡಿದು ಯೋಚಿಸಿ. ಹತ್ತು ವರ್ಷ ದೇವಾಲಯದ ಮೆಟ್ಟಿಲು ಹತ್ತದೆ ಈಗ ಹಿಂದಿನ ಬೆಂಚಿನಲ್ಲಿ ಕೂರುವವನು. ಬೇರೆ ಕಡೆಯಿಂದ ಬಂದು ನೆಲೆಸಿದ, ನಮ್ಮ ಭಾಷೆ ಬಾರದ ಕುಟುಂಬ. ಕುಡಿತ ಬಿಟ್ಟು ಬಂದವನಿಗೆ ಓದುವ ಅವಕಾಶ ಕೊಟ್ಟರೆ ನಮ್ಮೊಳಗೆ ಏಳುವ ಗೊಣಗು. ಬೆಳಿಗ್ಗೆ ಜಂಕ್ಷನಿನಲ್ಲಿ ಕೆಲಸಕ್ಕೆ ಕಾಯುತ್ತ ನಿಲ್ಲುವ ಬಂಗಾಳದ, ಅಸ್ಸಾಮಿನ ಹುಡುಗರು. ಸರಕಾರ ಅವರನ್ನು ಅತಿಥಿ ಕಾರ್ಮಿಕರು ಎನ್ನುತ್ತದೆ. ಮಳೆ ಬಂದು ಅರ್ಧದಿನಕ್ಕೆ ಕೆಲಸ ನಿಂತಾಗ ಅವರ ಕೈಗೆ ಏನು ಕೊಟ್ಟು ಕಳುಹಿಸುತ್ತೇವೆ? ಊರಿನ ಆಳಿಗೂ ಅವರಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಇದೆಯೇ? ಸಾಮತಿಯ ಮೊನೆ ದೇವರ ಕೃಪೆಯ ಕಡೆಗಿದೆ ನಿಜ. ಆದರೆ ಆ ಕೃಪೆಯನ್ನು ನಂಬಿದವನ ಬಟವಾಡೆಯಲ್ಲಿ ಅದರ ಗುರುತು ಕಾಣಬೇಡವೇ?

ಮೂರನೆಯದು: ಈ ವಾರ ಏನು ಮಾಡುತ್ತೇನೆ? ಎಲ್ಲರನ್ನೂ ಪ್ರೀತಿಸುತ್ತೇನೆ ಎಂದು ಬರೆಯಬೇಡಿ. ಯಾರಿಗೆ, ಯಾವಾಗ, ಏನು, ಈ ಮೂರೂ ಇರಬೇಕು. ಶನಿವಾರದ ಲೆಕ್ಕದಲ್ಲಿ ಮಳೆಯಿಂದ ನಿಂತ ಅರ್ಧದಿನದ ಕೂಲಿಯನ್ನೂ ಸೇರಿಸಿ ಕೊಡುತ್ತೇನೆ. ಭಾನುವಾರ ಪೂಜೆ ಮುಗಿದ ಮೇಲೆ ಹಿಂದಿನ ಬೆಂಚಿನವನನ್ನು ಮನೆಗೆ ಕರೆಯುತ್ತೇನೆ. ಹೀಗೆ. ಮುಂದಿನ ವಾರ ಬೈಬಲ್ ತೆರೆಯುವ ಮೊದಲು ನೋಟು ಪುಸ್ತಕದ ಹಿಂದಿನ ಪುಟವನ್ನು ತಿರುವಿ, ಅದು ಆಯಿತೇ ಎಂದು ನೋಡಿ. ಆಗಿರದಿದ್ದರೆ ಹೊಸ ಭಾಗಕ್ಕೆ ಹೋಗಬೇಡಿ, ಹಳೆಯದರಲ್ಲೇ ಇನ್ನೊಂದು ವಾರ ಇರಿ. ವಾಕ್ಯವನ್ನು ಕೇಳುವವರಷ್ಟೇ ಆಗದೆ ನಡೆಯುವವರಾಗಿರಿ ಎಂದು ಯಕೋಬ (1:22) ಹೇಳಿದ್ದು ಇದನ್ನೇ.

ಅನ್ವಯಿಸುವಾಗ ಒಂದು ದೊಡ್ಡ ಅಪಾಯವಿದೆ, ಅದನ್ನು ನಮ್ಮ ಜಿಲ್ಲೆಯವರು ಬೇರೆಯವರಿಗಿಂತ ಚೆನ್ನಾಗಿ ಅರಿಯಬೇಕು. ಎಣ್ಮಕಜೆ ಮೊದಲಾದ ಕಡೆ ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು. ಹುಟ್ಟಿನಿಂದಲೇ ಹಾಸಿಗೆ ಹಿಡಿದ ಮಕ್ಕಳನ್ನು ಇಂದಿಗೂ ಆರೈಕೆ ಮಾಡುತ್ತಿರುವ ತಾಯಂದಿರು ಅಲ್ಲಿದ್ದಾರೆ. ಅಂಥ ಮನೆಗೆ ಹೋಗಿ, ಎಲ್ಲ ಕಷ್ಟಕ್ಕೂ ಪಾಪವೇ ಕಾರಣ ಎಂದು ವಚನ ತೆಗೆದು ಓದುವುದು ಕ್ರೌರ್ಯ. ಯೊವಾನ್ನ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಕೇಳಿದರು. ಇವನೂ ಅಲ್ಲ, ಇವನ ಹೆತ್ತವರೂ ಅಲ್ಲ ಎಂದರು ಯೇಸು, ಕೆಸರು ಕಲಸಿ ಕೆಲಸಕ್ಕೆ ತೊಡಗಿದರು. ಅಧ್ಯಾಯವನ್ನು ಕೊನೆಯವರೆಗೆ ಓದಿ: ಧರ್ಮದ ಯಜಮಾನರು ನೀನು ಪಾಪದಲ್ಲಿ ಹುಟ್ಟಿದವನು ಎಂದು ಅವನನ್ನು ಹೊರಹಾಕುತ್ತಾರೆ, ಯೇಸು ಅವನನ್ನು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಅನ್ವಯ ಯಾರನ್ನು ಹೊರಗೆ ಹಾಕುತ್ತಿದೆ, ಯಾರನ್ನು ಹುಡುಕಿಕೊಂಡು ಹೋಗುತ್ತಿದೆ ಎಂದು ನೋಡಿಕೊಂಡರೆ ಅದು ಸರಿಯೋ ತಪ್ಪೋ ಎಂದು ಬಹುಮಟ್ಟಿಗೆ ತಿಳಿಯುತ್ತದೆ.

ಏಳನೇ ಹೆಜ್ಜೆ: ಓದಿದ್ದನ್ನೇ ಪ್ರಾರ್ಥನೆಯಾಗಿಸುವುದು

ಭಾಗದ ಮಾತುಗಳನ್ನೇ ತೆಗೆದುಕೊಂಡು ಎರಡು ಮೂರು ವಾಕ್ಯಗಳಲ್ಲಿ ಪ್ರಾರ್ಥಿಸಿ. ನೀನು ಒಳ್ಳೆಯವನಾದದ್ದಕ್ಕೆ ನನಗೆ ಹೊಟ್ಟೆಕಿಚ್ಚು ಬಾರದಿರಲಿ ಎಂದರೂ ಸಾಕು. ರಾತ್ರಿ ಜಪಸರದ ಹೊತ್ತಿನಲ್ಲಿ ಇದನ್ನು ಸೇರಿಸಿಕೊಂಡರೆ ಮನೆಮಂದಿಗೆಲ್ಲ ಮುಟ್ಟುತ್ತದೆ.

ವಾರ್ಡಿನ ಕೂಟದಲ್ಲಿ ಓದುವಾಗ

ಒಬ್ಬರೇ ಓದಿದ್ದನ್ನು ಗುರ್ಕಾರರ ನೇತೃತ್ವದ ವಾರ್ಡಿನ ಕೂಟಕ್ಕೋ ಮನೆ ಪ್ರಾರ್ಥನೆಗೋ ತನ್ನಿ. ಅಲ್ಲಿ ಎದುರಾಗುವ ತೊಡಕು ಭಾಷೆಯದು. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದಲು ತಡವರಿಸುತ್ತಾರೆ. ಹಾಗೆಂದು ಅವರನ್ನು ಮೂಲೆಯಲ್ಲಿ ಕೂರಿಸಬೇಡಿ. ಅಜ್ಜಿ ಕನ್ನಡದಲ್ಲಿ ಗಟ್ಟಿಯಾಗಿ ಓದಲಿ, ಮೊಮ್ಮಗಳು ಅದೇ ಭಾಗವನ್ನು ಮಲಯಾಳದಲ್ಲಿ ಓದಲಿ, ಮಾತುಕತೆ ಕೊಂಕಣಿಯಲ್ಲೋ ತುಳುವಿನಲ್ಲೋ ನಡೆಯಲಿ.

ಕೂಟ ನಡೆಸುವವರು ಪ್ರವಚನ ಕೊಡಬೇಡಿ. ಎರಡನೇ ಹೆಜ್ಜೆಯ ಪ್ರಶ್ನೆಗಳನ್ನು ಕೇಳಿ ಸುಮ್ಮನಿರಿ. ಮೊದಲ ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಆ ಮೌನವನ್ನು ನೀವೇ ತುಂಬಬೇಡಿ. ಕೂಲಿಗೆ ಹೋಗುವವರು ಕೂಟದಲ್ಲಿದ್ದರೆ ಈ ಸಾಮತಿಯ ಬಗ್ಗೆ ಅವರು ಮೊದಲು ಮಾತಾಡಲಿ; ಕೆಲಸ ಸಿಗದೆ ನಿಂತ ದಿನದ ಸಂಜೆ ಹೇಗಿರುತ್ತದೆಂದು ತೋಟದ ಧಣಿಗಳಿಗಿಂತ ಅವರಿಗೆ ಗೊತ್ತು. ಕಥೋಲಿಕರ ಬೈಬಲಿನಲ್ಲಿ 73 ಗ್ರಂಥಗಳು, ಪ್ರೊಟೆಸ್ಟೆಂಟರದ್ದರಲ್ಲಿ 66. ಬೇರೆ ಸಭೆಯ ನೆರೆಯವರು ಬಂದಾಗ ಎಲ್ಲರಲ್ಲೂ ಇರುವ ಗ್ರಂಥವನ್ನೇ ಆರಿಸಿಕೊಂಡರೆ ಯಾರ ಪಟ್ಟಿ ಸರಿ ಎಂಬ ಚರ್ಚೆಗೆ ಎಡೆಯಿರುವುದಿಲ್ಲ.

ಮುಂದಿನ ಅಭ್ಯಾಸಕ್ಕೆ

ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮಾತೆ ಮರಿಯಳ ಜನ್ಮದಿನದ, ತೆನೆಹಬ್ಬದ) ವಾರದಲ್ಲಿ ಧರ್ಮೋಪದೇಶಕಾಂಡ 26:1–11ನ್ನು ಇದೇ ಕ್ರಮದಲ್ಲಿ ಓದಿ. ಪ್ರಥಮ ಫಲವನ್ನು ಪುಟ್ಟಿಯಲ್ಲಿ ತುಂಬಿ ದೇವರ ಮುಂದೆ ತರುವ ವಿಧಿ ಅದು. ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು ಪಾಯಸಕ್ಕೆ ಬೆರೆಸುವ ನಮಗೆ ಅದರ ಹೊರರೂಪ ಕೂಡಲೇ ಅರ್ಥವಾಗುತ್ತದೆ. ಗಮನಿಸಬೇಕಾದದ್ದು ಎರಡು. ಪುಟ್ಟಿಯನ್ನು ಒಪ್ಪಿಸುವವನು ತನ್ನ ಪೂರ್ವಜರು ಅಲೆಮಾರಿಗಳೂ ಪರದೇಶದಲ್ಲಿ ದಾಸರೂ ಆಗಿದ್ದ ಕಥೆಯನ್ನು ಬಾಯಿಬಿಟ್ಟು ಹೇಳಬೇಕು. ಹನ್ನೊಂದನೇ ವಚನದಲ್ಲಿ ಹಬ್ಬದ ಸಂತೋಷಕ್ಕೆ ಯಾರನ್ನೆಲ್ಲ ಸೇರಿಸಿಕೊಳ್ಳಬೇಕೆಂದು ಹೆಸರಿಸಿದೆ: ಸ್ವಂತ ಜಮೀನಿಲ್ಲದ ದೇವಸೇವಕ ಲೇವಿಯನನ್ನು, ನಿಮ್ಮ ನಡುವೆ ವಾಸಿಸುವ ಪರದೇಶದವನನ್ನು. ಈ ಸಲದ ಹೊಸ ಅಕ್ಕಿಯ ಊಟಕ್ಕೆ ಎಷ್ಟು ಎಲೆ ಹಾಕಬೇಕೆಂದು ಅದನ್ನು ಓದಿ ಮುಗಿಸಿದ ಮೇಲೆ ತೀರ್ಮಾನಿಸಿ.